ಮೂತ್ರದಲ್ಲಿ ಕೀಟೋನ್: 15 ಸೆಕೆಂಡಿನ ಬಣ್ಣ ಏನು ಹೇಳುತ್ತದೆ?

ಟೈಪ್ 1 ಸಕ್ಕರೆ ಕಾಯಿಲೆಯ ಹುಡುಗನಿಗೆ ಜ್ವರ, ವಾಂತಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ‘ತಿಂದೇ ಇಲ್ಲ, ಇನ್ಸುಲಿನ್ ಯಾಕೆ?’ ಅಂತ ಮನೆಯವರು ಸೂಜಿ ಬಿಟ್ಟುಬಿಡುತ್ತಾರೆ. ಎಡವಟ್ಟಾಗುವುದು ಇಲ್ಲೇ. ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ದೇಹಕ್ಕೆ ದಕ್ಕುವುದಿಲ್ಲ. ಅದು ಕೊಬ್ಬನ್ನು ಉರಿಸತೊಡಗುತ್ತದೆ, ಕೀಟೋನ್ ಹುಟ್ಟುತ್ತದೆ. ಅದು ಜಾಸ್ತಿಯಾದರೆ ರಕ್ತ ಹುಳಿಯಾಗಿ ಜೀವಕ್ಕೇ ಕುತ್ತು.

ರಕ್ತದ ಸಕ್ಕರೆ 240 (mg/dL) ದಾಟಿದಾಗ ಮೂತ್ರದಲ್ಲಿ ಕೀಟೋನ್ ಇದೆಯೇ ಅಂತ ಪರೀಕ್ಷಾ ಸ್ಟ್ರಿಪ್‌ನಿಂದ ಒಮ್ಮೆ ನೋಡಿ. ಹುಷಾರಿಲ್ಲದ ದಿನ 4ರಿಂದ 6 ಗಂಟೆಗೊಮ್ಮೆ ನೋಡಿ.

ಮೊದಲು ಸ್ಟ್ರಿಪ್ ಡಬ್ಬಿಯ ಮೇಲೆ ಅವಧಿ ಮುಗಿಯುವ ತಾರೀಖು ಓದಿ. ಒಣ ಕೈಯಲ್ಲಿ ಒಂದು ಸ್ಟ್ರಿಪ್ ತೆಗೆದು ತಕ್ಷಣ ಮುಚ್ಚಳ ಹಾಕಿ. ತೇವ ತಾಗಿದ ಸ್ಟ್ರಿಪ್ ಕೀಟೋನ್ ಇದ್ದರೂ ಇಲ್ಲ ಅನ್ನಬಹುದು. ಬಚ್ಚಲುಮನೆಯ ಗೂಡಿನಲ್ಲಂತೂ ಇಡಬೇಡಿ. ಚೊಕ್ಕ ಲೋಟದಲ್ಲಿ ಆಗತಾನೇ ಹಿಡಿದ ಮೂತ್ರಕ್ಕೆ ಬಣ್ಣದ ತುದಿಯನ್ನು ಅದ್ದಿ, ಕೂಡಲೇ ತೆಗೆಯಿರಿ. ಲೋಟದ ಅಂಚಿಗೆ ತಾಗಿಸಿ ಹನಿ ಇಳಿಸಿ. ಈಗ ಗಡಿಯಾರ ನೋಡಿ. ಕೀಟೋನ್ ಒಂದನ್ನೇ ತೋರಿಸುವ ಸ್ಟ್ರಿಪ್‌ಗೆ ಸಾಮಾನ್ಯವಾಗಿ 15 ಸೆಕೆಂಡು. ಹಲವು ಪರೀಕ್ಷೆಗಳ ಸ್ಟ್ರಿಪ್ ಆದರೆ 40 ಇರಬಹುದು. ಡಬ್ಬಿಯ ಮೇಲೆ ಬರೆದದ್ದೇ ಲೆಕ್ಕ. ಒಳ್ಳೆ ಬೆಳಕಿನಲ್ಲಿ ಡಬ್ಬಿಯ ಬಣ್ಣಗಳ ಜೊತೆ ಹೋಲಿಸಿ. ಹೊತ್ತು ಮೀರಿದ ಮೇಲೆ ಕಾಣುವ ಬಣ್ಣವನ್ನು ನಂಬಬೇಡಿ.

ಮಾಸಲು ಬಣ್ಣ ಹಾಗೇ ಉಳಿದರೆ ಕೀಟೋನ್ ಕಂಡಿಲ್ಲ ಅಂತ. ತೆಳು ಗುಲಾಬಿ (ಡಬ್ಬಿಯ ಬಣ್ಣದ ಪಕ್ಕದ ಅಂಕಿ 5ರಿಂದ 15) ಇದ್ದರೆ ನೀರು ಕುಡಿಸುತ್ತಾ ಕೆಲವು ಗಂಟೆ ಬಿಟ್ಟು ಮತ್ತೆ ನೋಡಿ. 40ರಿಂದ ಮೇಲೆ, ನೇರಳೆಯತ್ತ ಹೋಗಿದ್ದರೆ ಡಾಕ್ಟರಿಗೆ ಆಗಲೇ ಫೋನ್ ಮಾಡಿ. ಇನ್ಸುಲಿನ್ ಎಷ್ಟು ಅಂತ ಅವರನ್ನೇ ಕೇಳಿ, ನಿಲ್ಲಿಸಬೇಡಿ. ಸಕ್ಕರೆ ಇಳಿಯಲಿ ಅಂತ ವಾಕಿಂಗ್‌ಗೆ ಹೊರಡಿಸುವುದೂ ಬೇಡ. ಕೀಟೋನ್ ಇನ್ನೂ ಏರುತ್ತದೆ. ವಾಂತಿ ನಿಲ್ಲದಿದ್ದರೆ, ಏದುಸಿರು ಬಂದರೆ, ಬಾಯಿಂದ ಹಣ್ಣಿನಂಥ ವಾಸನೆ ಬಂದರೆ, ಮಂಕಾದರೆ ಬಣ್ಣ ಏನೇ ಇರಲಿ, ನೇರ ಆಸ್ಪತ್ರೆಗೆ.

ಸಕ್ಕರೆ ಕಾಯಿಲೆಯೇ ಇಲ್ಲದವರು ಏಕಾದಶಿ ಉಪವಾಸದ ಮರುದಿನ ನೋಡಿದರೂ ಸ್ವಲ್ಪ ಬಣ್ಣ ಬರಬಹುದು. ಅದಕ್ಕೆ ಗಾಬರಿ ಬೇಡ. ಗರ್ಭಿಣಿಯಾದರೆ ಮಾತ್ರ ಡಾಕ್ಟರಿಗೆ ತಿಳಿಸಿ. ಸಕ್ಕರೆ ಕಾಯಿಲೆಗೆ ಕೊಡುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ನುಂಗುವವರ ಕತೆ ಬೇರೆ. ಅವರಿಗೆ ಸಕ್ಕರೆ 200ರ ಒಳಗಿದ್ದರೂ ಕೀಟೋನ್ ಅಪಾಯದ ಮಟ್ಟಕ್ಕೆ ಏರಬಹುದು. ಮೈಗೆ ಹುಷಾರಿಲ್ಲ ಅಂದರೆ ಮೀಟರ್‌ನಲ್ಲಿ ಸಕ್ಕರೆ ಕಮ್ಮಿ ಇದೆ ಅಂತ ಸುಮ್ನೆ ಕೂರಬಾರದು, ಕೀಟೋನ್ ನೋಡಬೇಕು.

ಇನ್ನೊಂದು ಮಾತು. ಸ್ಟ್ರಿಪ್ ತೋರಿಸುವುದು ಅಸಿಟೋಅಸಿಟೇಟ್ ಅನ್ನುವ ಒಂದು ಬಗೆಯ ಕೀಟೋನನ್ನು. ಕಾಯಿಲೆ ಜೋರಾದಾಗ ಹೆಚ್ಚಾಗುವ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಅನ್ನುವ ಇನ್ನೊಂದು ಬಗೆಯ ಕೀಟೋನ್ ಸ್ಟ್ರಿಪ್‌ಗೆ ಕಾಣುವುದೇ ಇಲ್ಲ. ಚಿಕಿತ್ಸೆ ಶುರುವಾದ ಮೇಲೆ ಇದು ಅಸಿಟೋಅಸಿಟೇಟ್ ಆಗಿ ಬದಲಾಗುತ್ತದೆ. ಹಾಗಾಗಿ ರೋಗಿ ಚೇತರಿಸಿಕೊಳ್ಳುತ್ತಿರುವಾಗಲೇ ಸ್ಟ್ರಿಪ್‌ನ ಬಣ್ಣ ಇನ್ನಷ್ಟು ಗಾಢವಾಗಬಹುದು.