ಬಗ್ಗಬೇಡಿ ಟೀಚರ್, ಸ್ಟೂಲು ಹಾಕಿಕೊಂಡು ಕೂರಿ

ನಲಿ-ಕಲಿ ತರಗತಿಯಲ್ಲಿ ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕೂತಿರುತ್ತಾರೆ. "ಟೀಚರ್, ಇಲ್ನೋಡಿ" ಎಂದು ಒಂದು ಮಗು ಸ್ಲೇಟು ಎತ್ತುತ್ತದೆ. ಟೀಚರ್ ಒಂದು ಕೈ ಮಂಡಿಗೆ ಊರಿ, ಸೊಂಟ ಬಗ್ಗಿಸಿ, ಇನ್ನೊಂದು ಕೈಯಲ್ಲಿ 'ಳ' ತಿದ್ದಿಸುತ್ತಾರೆ. ನೆಟ್ಟಗಾಗುವಷ್ಟರಲ್ಲಿ ಪಕ್ಕದ ಮಗು ಸೆರಗು ಎಳೆಯುತ್ತದೆ. 25 ಮಕ್ಕಳಿಗೆ ತಲಾ ನಾಲ್ಕು ಸಲ ಅಂದರೂ ದಿನಕ್ಕೆ 100 ಸಲ ಬಗ್ಗಿದ ಹಾಗಾಯಿತು. ಸಂಜೆ ಸೊಂಟ ಹಿಡಿದುಕೊಳ್ಳದೆ ಇರುತ್ತದಾ?

ಮೊದಲು ಈ ಬಗ್ಗುವುದನ್ನು ಕಡಿಮೆ ಮಾಡಿ. ಬಗ್ಗಿದಾಗ ಸೊಂಟದಿಂದ ಮೇಲಿನ ಮೈಭಾರವನ್ನು ಕೆಳಬೆನ್ನೇ ಹಿಡಿಯಬೇಕು, ಬೆನ್ನುಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕಿನ ಮೇಲೂ ಒತ್ತಡ ಜಾಸ್ತಿ. ಒಂದಡಿ ಎತ್ತರದ ಸ್ಟೂಲು ತರಗತಿಯಲ್ಲಿ ಇಟ್ಟುಕೊಳ್ಳಿ. ಗುಂಪಿನ ಪಕ್ಕ ಕೂತು, ಆ ಗುಂಪಿನ ಸ್ಲೇಟುಗಳನ್ನೆಲ್ಲ ನೋಡಿ ಆಮೇಲೆ ಏಳಿ. ಒಂದು ಮಂಡಿ ನೆಲಕ್ಕೂರಿ ಕೂತರೂ ಆಗುತ್ತದೆ, ಆದರೆ ಸೀರೆಯಲ್ಲಿ ಕಷ್ಟ ಅಲ್ವಾ? ಕೂತು ಪಾಠ ಮಾಡಿದರೆ ಸೋಮಾರಿ ಅಂದುಕೊಳ್ಳುತ್ತಾರೆ ಎಂದು ಹಿಂಜರಿಯುವವರಿದ್ದಾರೆ. ದಯವಿಟ್ಟು ಹಿಂಜರಿಯಬೇಡಿ. ಮುಖ್ಯ ಶಿಕ್ಷಕರೇ ಮುಂದಾಗಿ ಸ್ಟೂಲು ಕೊಡಿಸಿದರೆ ಇನ್ನೂ ಒಳ್ಳೆಯದು.

ಬೋರ್ಡಿನ ಮುಂದೆ ನಿಲ್ಲುವಾಗ ಒಂದು ಕಾಲನ್ನು ಇಟ್ಟಿಗೆಯಷ್ಟು ಎತ್ತರದ ಮೇಲಿಡಿ, ಆಗಾಗ ಕಾಲು ಬದಲಾಯಿಸಿ.

ನೋಟ್‌ಬುಕ್ ಕಟ್ಟನ್ನು ಎರಡು ಪಾಲು ಮಾಡಿ ಎರಡು ಸಲ ಒಯ್ಯಿರಿ, ಎದೆಗೆ ಅವಚಿಕೊಂಡು. ಮಂಚದ ಮೇಲೆ ಕೂತು ತೊಡೆಯಲ್ಲಿಟ್ಟು ತಿದ್ದಬೇಡಿ, ಮೇಜು ಬೇಕು. ಹತ್ತು ಪುಸ್ತಕ ಆದ ಕೂಡಲೇ ಎದ್ದು ನೀರು ಕುಡಿದು ಬನ್ನಿ.

ಪೀರಿಯಡ್ ಮುಗಿದಾಗ ಸೊಂಟಕ್ಕೆ ಎರಡೂ ಕೈ ಕೊಟ್ಟು ನಿಧಾನಕ್ಕೆ ಹಿಂದಕ್ಕೆ ಬಾಗಿ, ಐದು ಸಲ. ಮನೆಯಲ್ಲಿ ಅಂಗಾತ ಮಲಗಿ, ಮಂಡಿ ಮಡಿಸಿ, ಸೊಂಟ ಮೇಲೆತ್ತಿ ಐದು ಎಣಿಸಿ ಇಳಿಸಿ. ಹತ್ತು ಸಲ ಸಾಕು. ನೋವು ಹೆಚ್ಚಿದರೆ ನಿಲ್ಲಿಸಿ.

ನೋವು ಬಂತೆಂದು ದಿನಗಟ್ಟಲೆ ಮಲಗುವುದು ಬೇಡ. ಸಾಮಾನ್ಯ ಸೊಂಟನೋವು ಕೆಲವು ವಾರಗಳಲ್ಲಿ ತಗ್ಗುತ್ತದೆ, ಅಲ್ಲಿಯವರೆಗೆ ಆದಷ್ಟು ಓಡಾಡಿಕೊಂಡಿರಿ. ಸುಮ್ನೆ ಬೆಲ್ಟ್ ಕೊಳ್ಳಬೇಡಿ: ಹಳೆಯ ಸೊಂಟನೋವಿಗೆ ಅದನ್ನು ವಾಡಿಕೆಯಾಗಿ ಬಳಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ.

ಕಾಲಿಗೆ ಶಕ್ತಿ ಇಲ್ಲದಂತಾದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ ರಜೆ ಚೀಟಿ ಬರೆಯುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಜ್ವರವಿದ್ದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ.