ಹಸುಗೂಸಿನ ಮನೆ ಭೇಟಿ: ತಕ್ಕಡಿ ತೆಗೆಯೋದು ಕೊನೆಗೆ

ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಹೋಗಿ ನೋಡಬೇಕು. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನವೂ ಸೇರುತ್ತದೆ. ನಮ್ಮ ಮುಳಬಾಗಿಲು ಕಡೆ ಬಾಣಂತನ ತವರಲ್ಲಿ. ಆ ತವರು ಎಷ್ಟೋ ಸಲ ಆಂಧ್ರದ ಗಡಿಯಾಚೆ. ಅದಕ್ಕೇ ಗರ್ಭಿಣಿಗೆ ಏಳು ತಿಂಗಳಿರುವಾಗಲೇ ತವರೂರಿನ ಆಶಾ ನಂಬರು ಬರೆದಿಟ್ಟುಕೊಳ್ಳುತ್ತೇನೆ. ಇಲ್ಲದಿದ್ದರೆ ಎರಡೂ ಊರಿನ ಆಶಾಗಳು ‘ಅವರು ನೋಡಿರ್ತಾರೆ’ ಅಂದುಕೊಂಡು ಮೊದಲ ವಾರವೇ ತಪ್ಪಿಹೋಗುತ್ತದೆ. ಅಪಾಯ ಹೆಚ್ಚಿರೋದೂ ಅದೇ ವಾರ.

ಹೋದ ಕೂಡಲೇ ತಕ್ಕಡಿ ತೆಗೆಯಬಾರದು. ಬಟ್ಟೆ ಬಿಚ್ಚಿದರೆ ಮಗು ಅಳುತ್ತದೆ, ಅಳುವ ಮಗುವಿನ ಉಸಿರಿನ ಲೆಕ್ಕ ನಂಬುವ ಹಾಗಿಲ್ಲ. ಬಳೆ, ವಾಚು ತೆಗೆದು ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಕೈ ಗಾಳಿಗೇ ಆರಬೇಕು. ಸೆರಗಿಗೆ ಒರೆಸಿಕೊಂಡರೆ ತೊಳೆದದ್ದು ದಂಡ. ಮಗು ಮಲಗಿರುವ ಹಾಗೇ ಹೊಟ್ಟೆ ಮೇಲಿನ ಬಟ್ಟೆ ಸರಿಸಿ ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬಾರದು. ಹಸುಗೂಸು ನಾಲ್ಕು ಉಸಿರು ಬೇಗ ಎಳೆದು ಸ್ವಲ್ಪ ತಡೆಯುತ್ತದೆ. 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸೋದು. ಮತ್ತೆ ಅಷ್ಟೇ ಬಂದರೆ, ಇಲ್ಲವೇ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, 108ಕ್ಕೆ ಫೋನ್.

ಆಮೇಲೆ ಕಂಕುಳಲ್ಲಿ ಥರ್ಮಾಮೀಟರ್. ಅದು ಕೈಕೊಟ್ಟರೆ ಅಂಗೈ ಹಿಂಭಾಗದಿಂದ ಹೊಟ್ಟೆ, ಅಂಗಾಲು ಮುಟ್ಟಿ ನೋಡಬಹುದು. ಅಂಗಾಲು ಮಾತ್ರ ತಣ್ಣಗಿದ್ದರೆ ತಾಯಿಯ ಬರಿ ಎದೆಗೆ ಮಲಗಿಸಿ ಹೊದಿಸಬೇಕು. ಎರಡೂ ತಣ್ಣಗಿದ್ದರೆ ಹಾಗೇ ಎದೆಗಪ್ಪಿಕೊಂಡು ಆಸ್ಪತ್ರೆಗೆ ಹೊರಡಬೇಕು.

ತೂಕಕ್ಕೆ ಖಾಲಿ ಜೋಲಿ ನೇತುಹಾಕಿಯೇ ಮುಳ್ಳು ಸೊನ್ನೆಗೆ ತರಬೇಕು. ಮರೆತರೆ ಜೋಲಿಯ ತೂಕವೂ ಮಗುವಿನ ಲೆಕ್ಕಕ್ಕೆ ಬೀಳುತ್ತದೆ. ಓದುವಾಗ ಮುಳ್ಳು ಕಣ್ಣಿನ ನೇರಕ್ಕಿರಲಿ. 2.8 ಕೆಜಿ ಹುಟ್ಟಿದ್ದು 3ನೇ ದಿನ 2.6 ತೋರಿಸಿದರೆ ಅಜ್ಜಿ ‘ಹಾಲು ಸಾಲ್ತಿಲ್ಲ, ಡಬ್ಬಿ ಹಾಲು ತನ್ನಿ’ ಅಂತಾರೆ. ಮೊದಲ ದಿನಗಳಲ್ಲಿ ಹುಟ್ಟುತೂಕದ ನೂರಕ್ಕೆ ಹತ್ತರವರೆಗೆ ಇಳಿಯೋದು ಸಹಜ. 14ನೇ ದಿನಕ್ಕೂ ಹುಟ್ಟುತೂಕಕ್ಕೆ ಮರಳಿಲ್ಲವೆಂದರೆ ಹಾಲು ಕುಡಿಸುವುದನ್ನು ಪಕ್ಕದಲ್ಲೇ ಕೂತು ನೋಡುತ್ತೇನೆ: ಬರೀ ತೊಟ್ಟು ಚೀಪುತ್ತಿದೆಯೋ, ಸುತ್ತಲ ಕಪ್ಪು ಭಾಗವೂ ಬಾಯೊಳಗಿದೆಯೋ ಅಂತ.

ಅಜ್ಜಿಯರ ಹತ್ತಿರ ಎಲ್ಲದಕ್ಕೂ ಬೇಡ ಅಂದರೆ ಮುಂದಿನ ಸಲ ಮಗು ‘ಮಲಗಿರುತ್ತದೆ’. ಕುಲಾವಿ, ದೃಷ್ಟಿಬೊಟ್ಟು ಅವರಿಷ್ಟ. ಬೊಟ್ಟು ಕಣ್ಣಿಗೆ ತಾಗದಿದ್ದರೆ ಸಾಕು. ಸಾಂಬ್ರಾಣಿ ಹೊಗೆಯಲ್ಲಿ ಬಾಣಂತಿ ತಲೆ ಆರಿಸಿಕೊಳ್ಳುವಷ್ಟು ಹೊತ್ತು ಮಗು ಬೇರೆ ಕೋಣೆಯಲ್ಲಿರಲಿ ಅಂತೀನಿ. ನಾಲಿಗೆಗೆ ಜೇನು, ಬಜೆ, ಹೊಕ್ಕುಳಿಗೆ ಎಣ್ಣೆ, ಬೂದಿ, ಇವಕ್ಕೆ ಮಾತ್ರ ಒಪ್ಪೋದಿಲ್ಲ.