ಮಾತಾದ ಮೇಲೆ ಕಂಟ್ರಾಕ್ಟರ್ ರೇಟು ಏರಿಸಿದರೆ ಏನು ಮಾಡಬೇಕು?

ಬಾತ್‌ರೂಮಿನ ಹಳೆ ಟೈಲ್ಸ್ ಒಡೆದು ಹಾಕಿದ್ದಾರೆ. ನಲ್ಲಿಗಳನ್ನು ಬಿಚ್ಚಿಟ್ಟಿದ್ದಾರೆ. ಆಗ ಕಂಟ್ರಾಕ್ಟರ್ ಬಂದು, 'ಮೊದಲು ಹೇಳಿದ ರೇಟಿಗೆ ಆಗಲ್ಲ, ಸ್ವಲ್ಪ ಜಾಸ್ತಿ ಮಾಡ್ಕೊಡಿ' ಅನ್ನುತ್ತಾರೆ. ಮನೆ ರಿಪೇರಿ ಮಾಡಿಸಿದ ಬಹಳ ಮಂದಿ ಈ ಮಾತು ಕೇಳಿರುತ್ತಾರೆ. ಆಗ ಕೆಲವರು ಕೂಗಾಡಿ ಕೆಲಸ ನಿಲ್ಲಿಸುತ್ತಾರೆ. ಇನ್ನು ಕೆಲವರು 'ನಿಮ್ಮದೂ ಬೇಡ, ನಮ್ಮದೂ ಬೇಡ' ಎಂದು ಕೇಳಿದ್ದರಲ್ಲಿ ಅರ್ಧ ಕೊಟ್ಟುಬಿಡುತ್ತಾರೆ. ನಾನು ನೋಡಿದ ಮಟ್ಟಿಗೆ ಈ ಅರ್ಧ ಕೊಡುವವರೇ ಜಾಸ್ತಿ ಕಳೆದುಕೊಳ್ಳುವುದು. ಯಾವುದಕ್ಕೆ ಕೊಟ್ಟೆವು ಎನ್ನುವುದು ಅವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ಇನ್ನೊಂದು ಸಲ ಕೇಳಿದಾಗ ಇಲ್ಲ ಅನ್ನಲು ಅವರ ಕೈಯಲ್ಲಿ ಏನೂ ಇರುವುದಿಲ್ಲ.

ಹಂತ 1: ನಿಂತಲ್ಲೇ ಉತ್ತರ ಕೊಡಬೇಡಿ

'ಲೆಕ್ಕ ಬರೆದು ಕಳಿಸಿ, ನೋಡಿ ಹೇಳ್ತೀನಿ' ಎನ್ನಿ. ಅಷ್ಟು ಸಾಕು.

ಹಂತ 2: ಹಳೆ ಮಾತನ್ನು ಹುಡುಕಿ ತೆಗೆಯಿರಿ

ಕೊಟೇಶನ್, ವಾಟ್ಸ್‌ಆ್ಯಪ್ ಮೆಸೇಜು, ಅಡ್ವಾನ್ಸ್ ಕೊಟ್ಟಾಗಿನ ಚೀಟಿ, ಏನಿದ್ದರೂ ಒಂದು ಕಡೆ ಸೇರಿಸಿ. ಎರಡು ವಿಷಯ ನೋಡಿಕೊಳ್ಳಿ. ಮೊದಲನೆಯದು, ಅದು ಅಂದಾಜೋ, ಒಪ್ಪಿದ ಬೆಲೆಯೋ. ಅಂದಾಜು ಹೆಚ್ಚುಕಮ್ಮಿ ಆಗಬಹುದು, ಒಪ್ಪಿದ ಬೆಲೆ ಹಾಗೆ ಸುಮ್ನೆ ಬದಲಾಗುವುದಿಲ್ಲ. ಎರಡನೆಯದು, ಚದರ ಅಡಿ ಲೆಕ್ಕವೋ, ಇಡೀ ಕೆಲಸಕ್ಕೆ ಒಂದೇ ಮೊತ್ತವೋ. ಚದರ ಅಡಿ ಲೆಕ್ಕವಾದರೆ ಅಳತೆ ಹೆಚ್ಚಾದಷ್ಟು ದುಡ್ಡು ಹೆಚ್ಚಾಗುವುದು ಸರಿಯೇ.

ಬರವಣಿಗೆಯಲ್ಲಿ ಏನೂ ಇಲ್ಲವಾ? ಹಾಗಾದರೆ ಯಾವ ಕೆಲಸ, ಎಷ್ಟು ಮೊತ್ತ, ಎಷ್ಟು ಕೊಟ್ಟಾಗಿದೆ ಎಂದು ನೆನಪಿರುವಷ್ಟನ್ನು ಇವತ್ತೇ ಬರೆದು ಅವರಿಗೆ ಕಳಿಸಿ. ಅವರು ಒಪ್ಪದ ಅಂಶವಿದ್ದರೆ ಈಗಲೇ ಹೇಳುತ್ತಾರೆ.

ಹಂತ 3: ಕಾರಣವನ್ನು ಬಿಡಿಬಿಡಿಯಾಗಿ ಕೇಳಿ

ಕೆಡುವುದು ಇಲ್ಲೇ. 'ಎಲ್ಲಾ ರೇಟೂ ಏರಿದೆ ಸಾರ್' ಎನ್ನುವುದು ಕಾರಣವಲ್ಲ. ಯಾವುದು ಏರಿದೆ, ಎಷ್ಟು ಏರಿದೆ, ನಮ್ಮ ಕೆಲಸಕ್ಕೆ ಅದು ಎಷ್ಟು ಬೇಕು? ಈ ಮೂರಕ್ಕೂ ಉತ್ತರ ಬರಬೇಕು.

ಸಾಮಾನಿನ ಬೆಲೆ ಏರಿದೆ ಎಂದರೆ ಹೀಗೆ ಲೆಕ್ಕ ಹಾಕಿ. ಒಪ್ಪಿದ ಮೊತ್ತ 100 ಎಂದಿಟ್ಟುಕೊಳ್ಳಿ. ಅದರಲ್ಲಿ ಕೂಲಿ 40, ಸಾಮಾನು 60. ಸಾಮಾನಿನಲ್ಲಿ ಟೈಲ್ಸ್ ಪಾಲು 20. ಟೈಲ್ಸ್ ಬೆಲೆ ನಿಜವಾಗಿಯೂ ಶೇ 10 ಏರಿದ್ದರೆ ಒಟ್ಟು ಮೊತ್ತಕ್ಕೆ ಸೇರಬೇಕಾದ್ದು 2 ಮಾತ್ರ. ಆದರೆ ಟೈಲ್ಸ್ ಶೇ 10 ಏರಿತು ಎಂದು ಇಡೀ ಮೊತ್ತದ ಮೇಲೆ ಶೇ 10 ಕೇಳುವವರಿದ್ದಾರೆ. ಮನೆಯವರು 'ಹೌದಲ್ವಾ, ಏರಿದೆ' ಎಂದು ತಲೆ ಆಡಿಸುತ್ತಾರೆ. 2 ಕೊಡುವ ಕಡೆ 10 ಹೋಗುತ್ತದೆ. ಅಡ್ವಾನ್ಸ್ ಹಣದಲ್ಲಿ ಸಾಮಾನು ಆಗಲೇ ತಂದಾಗಿದ್ದರೆ ಆ 2 ಕೂಡ ಕೊಡಬೇಕಿಲ್ಲ. ಅಂಗಡಿ ಬಿಲ್ಲಿನ ತಾರೀಕು ನೋಡಿದರೆ ಗೊತ್ತಾಗುತ್ತದೆ.

ಅಳತೆ ಹೆಚ್ಚಾಗಿದೆ ಎಂದರೆ ಟೇಪು ಹಿಡಿದು ಇಬ್ಬರೂ ಸೇರಿ ಅಳೆಯಿರಿ. 12 ಅಡಿ, 10 ಅಡಿಯ ಕೋಣೆ, ಎತ್ತರ 10 ಅಡಿ ಎಂದರೆ ನಾಲ್ಕು ಗೋಡೆ ಸೇರಿ 440 ಚದರ ಅಡಿ. 7 ಅಡಿಗೆ 3 ಅಡಿಯ ಬಾಗಿಲು, 4 ಅಡಿಗೆ 4 ಅಡಿಯ ಕಿಟಕಿ ಕಳೆದರೆ 403. ಒಂದೇ ಕೋಣೆಯಲ್ಲಿ 37 ಚದರ ಅಡಿ ವ್ಯತ್ಯಾಸ. ಬಾಗಿಲು, ಕಿಟಕಿಯ ಅಂಚಿನ ಕೆಲಸ ಇರುತ್ತದೆ ಎಂದು ಕೆಲವರು ಇದನ್ನು ಕಳೆಯುವುದಿಲ್ಲ. ಅದನ್ನು ಮೊದಲೇ ಮಾತಾಡಿದ್ದರೆ ತಪ್ಪಿಲ್ಲ, ಈಗ ಹೊಸದಾಗಿ ತಂದರೆ ಒಪ್ಪಬೇಡಿ. ಟೈಲ್ಸ್‌ನಲ್ಲಿ ಕತ್ತರಿಸಿ ಹಾಳಾಗುವುದಕ್ಕೆ ಸಾಮಾನ್ಯವಾಗಿ ಶೇ 10ರಷ್ಟು ಹೆಚ್ಚು ತರಿಸುತ್ತಾರೆ. ಓರೆಯಾಗಿ ಜೋಡಿಸಿದರೆ ಶೇ 15ರವರೆಗೂ ಬೇಕಾಗುತ್ತದೆ.

ಒಡೆದ ಮೇಲೆ ಹೊಸ ಕೆಲಸ ಕಾಣಿಸಿತು ಎಂದರೆ ಹೋಗಿ ಕಣ್ಣಾರೆ ನೋಡಿ. ಗೋಡೆಯೊಳಗೆ ತುಕ್ಕು ಹಿಡಿದ ಪೈಪು, ಸುಟ್ಟ ವೈರು, ಗೆದ್ದಲು ತಿಂದ ಚೌಕಟ್ಟು ಮೊದಲೇ ಯಾರಿಗೂ ಕಾಣುವುದಿಲ್ಲ. ಇಂಥದ್ದಕ್ಕೆ ಹಣ ಕೊಡುವುದು ನ್ಯಾಯ. ಗೋಡೆ ಸೊಟ್ಟಗಿದ್ದು 12 ಮಿಲಿಮೀಟರಿನ ಗಿಲಾವು 18 ಮಿಲಿಮೀಟರ್ ಆದರೆ ಗಾರೆ ಒಂದೂವರೆ ಪಟ್ಟು ಬೇಕು, ಅದೂ ನಿಜ. ಆದರೆ ಆ ಗೋಡೆಗೆ ಮಾತ್ರ, ಗಾರೆಗೆ ಮಾತ್ರ. ಕೂಲಿ ಒಂದೂವರೆ ಪಟ್ಟಾಗುವುದಿಲ್ಲ.

ನೀವೇ ನಡುವೆ 'ಇಲ್ಲೊಂದು ಪ್ಲಗ್ ಪಾಯಿಂಟ್ ಇರಲಿ, ಅಲ್ಲೊಂದು ಶೆಲ್ಫ್ ಮಾಡಿ' ಎಂದಿದ್ದರೆ ಅದಕ್ಕೆ ಮರುಮಾತಿಲ್ಲದೆ ಕೊಡಿ.

ಇನ್ನು ಕೊನೆಯ ಕಾರಣ, ಅವರು ಮೊದಲು ಲೆಕ್ಕ ತಪ್ಪಿದ್ದು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೇಲಿನ ಎಲ್ಲವನ್ನೂ ಕಳೆದ ಮೇಲೆ ಉಳಿಯುವ ಮೊತ್ತ ಬಹುತೇಕ ಇದೇ. ಬೇರೆ ಕೊಟೇಶನ್‌ಗಳನ್ನು ಬಿಟ್ಟು ನೀವು ಇವರನ್ನು ಆರಿಸಿದ್ದೇ ಆ ಬೆಲೆ ನೋಡಿ, ಅಲ್ವಾ? ಹಾಗಾಗಿ ಅದನ್ನು ತುಂಬಿಕೊಡುವ ಹೊಣೆ ನಿಮ್ಮದಲ್ಲ.

ಹಂತ 4: ಕೂತು ಮಾತಾಡಿ

ಕೆಲಸದವರ ಮುಂದೆ ಬೇಡ. ನಾಲ್ಕು ಜನರೆದುರು ಯಾರೂ ಇಳಿದು ಬರುವುದಿಲ್ಲ. ಫೋನಿನಲ್ಲೂ ಬೇಡ. ಲೆಕ್ಕದ ಹಾಳೆ ನಡುವೆ ಇಟ್ಟುಕೊಂಡು ಒಂದೊಂದೇ ಸಾಲು ಓದಿ. 'ಪೈಪಿನ ಕೆಲಸ ಹೊಸದು, ಅದಕ್ಕೆ ಕೊಡ್ತೀನಿ. ಟೈಲ್ಸ್ ಆಗಲೇ ಬಂದಿದೆ, ಅದರ ಮೇಲೆ ಏರಿಸೋದು ಸರಿಯಲ್ಲ. ಈ ಉಳಿದದ್ದು ಯಾವುದಕ್ಕೆ?' ಹೀಗೆ ಕೇಳಿ ಸುಮ್ಮನಾಗಿ. ಉತ್ತರ ಬರುವವರೆಗೆ ನೀವೇ ಮಾತು ತುಂಬಿಸಬೇಡಿ. ತಡೆಯಲಾಗದೆ 'ಸರಿ ಬಿಡಿ, ಇಷ್ಟು ಕೊಡ್ತೀನಿ' ಎಂದು ಮನೆಯವರೇ ಬಾಯಿ ಬಿಡುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ.

ಅವರಿಗೆ ನಿಜಕ್ಕೂ ನಷ್ಟವಾಗುತ್ತಿದ್ದರೆ ಕೆಲಸ ಕಡಿಮೆ ಮಾಡಿ, ಉದಾಹರಣೆಗೆ ಹೊರಗೋಡೆಯ ಬಣ್ಣವನ್ನು ಮುಂದಕ್ಕೆ ಹಾಕಿ. 'ಸಾಮಾನು ನಾನೇ ತಂದುಕೊಡ್ತೀನಿ' ಎನ್ನುವುದೂ ಒಳ್ಳೆಯ ದಾರಿ. 'ಅದೇ ದುಡ್ಡಿಗೆ ಬೇರೆ ಕಂಪನಿ ಮಾಲು ಹಾಕ್ತೀನಿ' ಎಂದರೆ ಮಾತ್ರ ಒಪ್ಪಲೇಬೇಡಿ. ಬಿಸಿನೀರಿಗೆ ಸಿಪಿವಿಸಿಯಂಥ ಬಿಸಿ ತಡೆಯುವ ಪೈಪೇ ಬೇಕು. ಸಿಪಿವಿಸಿ ಸುಮಾರು 93 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ಮಾಮೂಲಿ ಪಿವಿಸಿ 60 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ. ಅಡುಗೆಮನೆ ಸಿಂಕಿನ ಕೆಳಗೆ ಪಾರ್ಟಿಕಲ್ ಬೋರ್ಡ್ (ಮರದ ಚೂರು ಒತ್ತಿ ಮಾಡಿದ ಹಲಗೆ) ಹಾಕಿದರೆ ನೀರು ಕುಡಿದು ಊದಿಕೊಳ್ಳುತ್ತದೆ. ಹಳೆ ಟೈಲ್ಸ್ ಮೇಲೇ ಹೊಸ ಟೈಲ್ಸ್ ಅಂಟಿಸುವುದೂ ಇಂಥದ್ದೇ ಅಡ್ಡದಾರಿ. ಕೆಳಗಿನ ಸೋರಿಕೆ ಹಾಗೇ ಉಳಿಯುತ್ತದೆ, ನೆಲ ಎತ್ತರವಾಗಿ ಬಾತ್‌ರೂಮಿನ ನೀರು ಬಾಗಿಲ ಕಡೆ ಬರಬಹುದು.

ಹಂತ 5: ಒಪ್ಪಿದ್ದನ್ನು ಅದೇ ದಿನ ಬರೆದು ಕಳಿಸಿ

ಯಾವ ಹೊಸ ಕೆಲಸ, ಎಷ್ಟು ಹಣ, ಯಾವಾಗ ಮುಗಿಯುತ್ತದೆ. ಇನ್ನು ಮುಂದೆ ಎಕ್ಸ್‌ಟ್ರಾ ಕೆಲಸವಿದ್ದರೆ ಶುರು ಮಾಡುವ ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು ಎಂಬ ಸಾಲನ್ನೂ ಸೇರಿಸಿ. ಅವರಿಂದ 'ಓಕೆ' ಬಂದ ಮೇಲೆ ಕೆಲಸ ಮುಂದುವರಿಯಲಿ.

ಹೆಚ್ಚಿನ ಹಣವನ್ನು ಆ ಕೆಲಸ ಮುಗಿದ ಮೇಲೆ ಕೊಡಿ. ಕೊನೆಯ ಕಂತು ಶೇ 10 ಆದರೂ ಕೈಯಲ್ಲಿರಲಿ. ಬಾತ್‌ರೂಮಿನಲ್ಲಿ ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಾಕುವ ಮೊದಲು, 24 ಗಂಟೆ ನೀರು ನಿಲ್ಲಿಸಿ ಕೆಳಗೆ ಒದ್ದೆಯಾಗಿದೆಯಾ ನೋಡಿ. ಆ ಪರೀಕ್ಷೆ ಆಗದೆ ಆ ಕಂತು ಬಿಡಬೇಡಿ.

ಹಂತ 6: ಒಪ್ಪಂದವೇ ಆಗದಿದ್ದರೆ

ಈವರೆಗಿನ ಕೆಲಸವನ್ನು ಇಬ್ಬರೂ ಸೇರಿ ಅಳೆದು, ಆಗಿರುವಷ್ಟಕ್ಕೆ ಲೆಕ್ಕ ಚುಕ್ತಾ ಮಾಡಿ. ಕೊಟ್ಟ ಹಣ ಆದ ಕೆಲಸಕ್ಕಿಂತ ಹೆಚ್ಚಿದ್ದರೆ ಎಷ್ಟು ವಾಪಸು, ಯಾವ ದಿನ ಎಂದು ಬರೆಸಿಕೊಳ್ಳಿ. ನಿಮ್ಮ ದುಡ್ಡಲ್ಲಿ ತಂದ ಸಾಮಾನು ಮನೆಯಲ್ಲೇ ಉಳಿಯಬೇಕು, ಅದರ ಪಟ್ಟಿಗೆ ಇಬ್ಬರ ಸಹಿ ಇರಲಿ. ಗೋಡೆಯೊಳಗಿನ ಪೈಪು, ವೈರು ಹೋಗಿರುವ ದಾರಿಯನ್ನು ಪಕ್ಕದಲ್ಲಿ ಟೇಪು ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ. ಹೊಸದಾಗಿ ಬರುವ ಕಂಟ್ರಾಕ್ಟರ್ ಮೊದಲು ಕೇಳುವುದು ಅದನ್ನೇ.